ಒಂಬತ್ತು ಪಾದ ನೆಲ

ಮೂವತ್ತೊಂದನೇ ಸುತ್ತು, ದಾವಣಗೆರೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ನಾಲ್ಕು

ಹಾಲಮ್ಮನಿಗೆ ಹಾಲಮ್ಮ ಬರೆಯುವುದು.

ತಾರೀಖು ನೋಡಿ ನಗಬೇಡ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ಇಲ್ಲಿ ಬರುವ ಕೆಲವು ಮಾತು ನಿನಗೆ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಾನು ಓದಿದ್ದು ನಾಲ್ಕನೇ ಕ್ಲಾಸು. ನಾನು ಹುಟ್ಟಿದ್ದು ಈ ಸೀಮೆಯ ಕಟ್ಟಕಡೆಯ ಹಳ್ಳಿಯಲ್ಲಿ. ನಾನು ನಾಲ್ಕನೇ ಕ್ಲಾಸು ಮುಗಿಸುವಷ್ಟರಲ್ಲಿ ಹಳ್ಳಿ ಇಪ್ಪತ್ತೆಂಟನೇ ಸುತ್ತಾಯಿತು, ಶಾಲೆ ಗೋದಾಮಾಯಿತು, ಮೇಷ್ಟ್ರು ಅದೇ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವವರಾದರು. ಆದ್ದರಿಂದ ಅಕ್ಷರ ತಪ್ಪಿದ್ದರೆ ಅದು ನನ್ನದಲ್ಲ, ನಿಮ್ಮ ಬಡಾವಣೆಯದ್ದು.

ನೀನು ನನಗಿಂತ ಆರು ತಲೆಮಾರು ಹಿರಿಯಳು. ಆದರೆ ನಮ್ಮ ಟ್ರಂಕಿನಲ್ಲಿರುವ ಫೋಟೋದಲ್ಲಿ ನಿನಗೆ ನಲವತ್ತು ದಾಟಿಲ್ಲ, ನನಗೆ ಎಪ್ಪತ್ತಾರು. ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಆ ಫೋಟೋದಲ್ಲಿ ಬಯಲಿನ ನಡುವೆ ನಾಲ್ಕು ಕಲ್ಲು ನೆಟ್ಟಿದ್ದಾರೆ, ನೀನು ಒಂದು ಕಲ್ಲಿನ ಪಕ್ಕ ಹೊಸ ಸೀರೆಯುಟ್ಟು ನಿಂತಿದ್ದೀಯ. ಹಿಂದೆ ಮೆಕ್ಕೆಜೋಳದ ಹೊಲ. ಕೆಳಗೆ ಬರೆದಿದೆ: ಹಾಲಮ್ಮ, ನಮ್ಮ ಸೈಟಿನಲ್ಲಿ, ಹೊನ್ನೇರು ಬಡಾವಣೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತ ಇಡುತ್ತ ಆ ಹೆಸರು ನನ್ನವರೆಗೆ ಬಂದಿದೆ. ಮೊನ್ನೆಯವರೆಗೆ ಅದು ನನಗೆ ಹೆಮ್ಮೆಯಾಗಿತ್ತು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಕಳೆದ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಎಪ್ಪತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಒಂದು ಹಾಳೆ. ಹೆಚ್ಚಿನವರು ಸತ್ತ ಗಂಡಂದಿರನ್ನು ಬೈಯಲು ಅದನ್ನು ಖರ್ಚು ಮಾಡುತ್ತಾರೆ. ನಾನೂ ಹಾಗೇ ಮಾಡುವವಳಿದ್ದೆ. ಆದರೆ ಕಳೆದ ವಾರ ಕಂಡದ್ದನ್ನು ಕಂಡ ಮೇಲೆ ಗಂಡ ಬಚಾವಾದ.

ಸುತ್ತು ಎಂದರೇನು ಎಂದು ಮೊದಲು ಹೇಳಬೇಕು. ನಿನ್ನ ಕಾಲಕ್ಕಾಗಲೇ ಊರ ನಡುವಿನ ಮಿಲ್ಲುಗಳು ಬಾಗಿಲು ಹಾಕಿದ್ದವು, ಜನ ಹೊರಗೆ ಹೊರಗೆ ಸೈಟು ಹುಡುಕುತ್ತಿದ್ದರು. ಅದು ನಿಲ್ಲಲೇ ಇಲ್ಲ. ಬಡಾವಣೆಯ ಆಚೆ ಬಡಾವಣೆ, ಅದರಾಚೆ ಇನ್ನೊಂದು, ಹರಿಹರ ಒಳಗೆ ಸೇರಿತು, ಹೊಳೆ ಒಳಗೆ ಸೇರಿತು. ಒಂದೊಂದು ವರಸೆಗೂ ಒಂದೊಂದು ಗೋಡೆ, ಒಂದೊಂದು ಗೇಟು. ಅದೇ ಸುತ್ತು. ಗೋಡೆಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ, ಒಂದರ ಗೇಟಿನ ಎದುರಿಗೆ ಇನ್ನೊಂದರ ಗೇಟು ಬರುವುದಿಲ್ಲ. ಸುತ್ತುಬಂಡಿ ಹತ್ತಿದರೆ ಅದು ನಮ್ಮ ಸುತ್ತಿನಲ್ಲೇ ಗಾಣದ ಎತ್ತಿನ ಹಾಗೆ ತಿರುಗುತ್ತದೆ. ಒಳಗಿನ ಊರಿಗೆ ನೇರ ದಾರಿ ಎಂಬುದೇ ಇಲ್ಲ. ನಮ್ಮ ವಂಶದವರು ತಲೆಮಾರಿಗೊಮ್ಮೆ ಮನೆ ಬಿಟ್ಟು ಹೊರಗಿನ ಸುತ್ತಿಗೆ ಬಂದರು, ಗಾಳಿ ಚೆನ್ನಾಗಿದೆ ಎಂದು. ಮುಂದಿನ ತಲೆಮಾರಿಗೆ ಆ ಗಾಳಿ ಇನ್ನೂ ಆಚೆ ಹೋಗಿರುತ್ತಿತ್ತು. ಎಲ್ಲರೂ ಹೊರಗೆ ಬಂದ ಮೇಲೆ ನಡುವೆ ಉಳಿದದ್ದಕ್ಕೆ ಪೊಳ್ಳು ಎಂದು ಹೆಸರು. ನಾನು ಅದನ್ನು ನೋಡಿರಲಿಲ್ಲ. ನಮ್ಮ ಸುತ್ತಿನಲ್ಲಿ ನೋಡಿದವರೇ ಇರಲಿಲ್ಲ.

ನಾವು ಏನು ಕೆಲಸ ಮಾಡುತ್ತೇವೆ ಎಂದು ಕೇಳುತ್ತೀಯೇನೋ. ಅರ್ಧ ಜನ ಪೆಟ್ಟಿಗೆ ಕಟ್ಟುತ್ತಾರೆ, ಅರ್ಧ ಜನ ಬಿಚ್ಚುತ್ತಾರೆ. ಒಳಗಿನ ಸಾಮಾನನ್ನು ಮಾಡುವವರು ಯಾರು ಎಂದು ಸಣ್ಣವಳಿದ್ದಾಗ ಕೇಳಿ ನಾನು ಬೈಸಿಕೊಂಡಿದ್ದೇನೆ. ಮಂಡಕ್ಕಿ ಕೂಡ ಪೆಟ್ಟಿಗೆಯಲ್ಲೇ ಬರುತ್ತದೆ. ಒಂದು ಕಾಲಕ್ಕೆ ಇದೇ ಊರಿನ ಭಟ್ಟಿಗಳಲ್ಲಿ ಹುರಿಯುತ್ತಿದ್ದರಂತೆ, ಬೀದಿಗೆಲ್ಲ ವಾಸನೆ ಬರುತ್ತಿತ್ತಂತೆ. ನಮ್ಮ ಬೀದಿಗೆ ಯಾವ ವಾಸನೆಯೂ ಇಲ್ಲ. ಅದನ್ನು ದೊಡ್ಡ ಸೌಕರ್ಯ ಎಂದು ಫಲಕ ಹಾಕಿದ್ದಾರೆ.

ಈಗ ಕೊಟ್ರಮ್ಮನ ವಿಷಯ. ಕೊಟ್ರಮ್ಮ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಐವತ್ತು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದ್ದೇವೆ. ಅವಳ ಪಾದ ಎಳೆ ಮಕ್ಕಳ ಪಾದದ ಹಾಗೆ ಪುಟ್ಟದು, ಸಾಯುವವರೆಗೆ ಮಕ್ಕಳ ಚಪ್ಪಲಿಯನ್ನೇ ಹಾಕಿದಳು. ಈ ಗೊಂಬೆ ಕಾಲಿನಲ್ಲಿ ನೀನು ಎಷ್ಟು ದೂರ ಬಾಳುವೆ ಮಾಡೀಯೇ ಎಂದು ನಾನು ಹಂಗಿಸುತ್ತಿದ್ದೆ. ಅವಳು ಬಿಡುವವಳಲ್ಲ. "ನಿನ್ನ ಪಾದ ಮೊದ್ಲು ಬಾಗಿಲಿಗೆ ಬರ್ತಾವ, ನೀ ಆಮ್ಯಾಲೆ ಬರ್ತಿ" ಎನ್ನುತ್ತಿದ್ದಳು.

ಈ ಮಾಘದಲ್ಲಿ ಅವಳು ಹಾಸಿಗೆ ಹಿಡಿದಳು. ನಮ್ಮಲ್ಲಿ ಸತ್ತವರನ್ನು ಹಬೆಮನೆಗೆ ಒಯ್ಯುತ್ತಾರೆ. ಅಲ್ಲಿ ಒಂದು ದಿನದಲ್ಲಿ ಮನುಷ್ಯರು ಕರಗಿ ನೀರಾಗುತ್ತಾರೆ, ಆ ನೀರನ್ನು ಸುತ್ತಿನ ಉದ್ಯಾನದ ಹೂವಿಗೆ ಬಿಡುತ್ತಾರೆ. ಕೊಟ್ರಮ್ಮ ಜೀವವಿರುವವರೆಗೆ ಆ ಉದ್ಯಾನಕ್ಕೆ ಕಾಲಿಟ್ಟವಳಲ್ಲ. ಅವಳಿಗೆ ನಮ್ಮ ಹಿರಿಯರ ಹಾಗೆ ಮಣ್ಣಿಗೇ ಹೋಗಬೇಕಿತ್ತು, ಕೂತ ಭಂಗಿಯಲ್ಲಿ, ಕೈಯಲ್ಲಿ ಲಿಂಗ ಹಿಡಿದು. ಹೂಳುವ ಗುಣಿಯನ್ನು ಸತ್ತವರ ಪಾದದಿಂದಲೇ ಅಳೆಯಬೇಕು, ಉದ್ದ ಒಂಬತ್ತು ಪಾದ. ಪದ್ಧತಿ ಅವಳಿಗೆ ಬಾಯಿಪಾಠ, ನಮ್ಮ ಅತ್ತೆ ಹೇಳಿಕೊಟ್ಟದ್ದು. ಕೊನೆಯ ದಿನ ನನ್ನ ಕೈ ಹಿಡಿದುಕೊಂಡಳು. ಐವತ್ತು ವರ್ಷದಲ್ಲಿ ಅದೇ ಮೊದಲು.

"ನನ್ನ ಹಬೆಗೆ ಇಡಬ್ಯಾಡ ಹಾಲವ್ವ. ನಾನೇನು ಇಡ್ಲಿ ಅಲ್ಲ."

ಇಡುವುದಿಲ್ಲ ಎಂದು ಮಾತು ಕೊಟ್ಟೆ. ಮರುದಿನ ಬೆಳಿಗ್ಗೆ ಹೋದಳು.

ನಾನು ಸುತ್ತಿನ ಕಚೇರಿಗೆ ಹೋಗಿ ರುದ್ರಭೂಮಿ ಯಾವ ಕಡೆ ಎಂದು ಕೇಳಿದೆ. ಗುಮಾಸ್ತನಿಗೆ ಆ ಪದವೇ ಗೊತ್ತಿರಲಿಲ್ಲ, ಪಕ್ಕದವಳನ್ನು ಕೇಳಿ ತಿಳಿದುಕೊಂಡ. ಆಮೇಲೆ ನಕ್ಷೆ ತೆರೆದ. ಮೂವತ್ತೊಂದು ಸುತ್ತಿನಲ್ಲಿ, ಹೊಳೆಯ ಆಚೆ ಈಚೆ ಸೇರಿ, ಸತ್ತವರಿಗೆ ಒಂದು ಅಂಗೈ ನೆಲವಿಲ್ಲ. ಮೊದಲ ಸುತ್ತಿನ ನಕ್ಷೆಯಲ್ಲಿ ಇತ್ತಂತೆ, ಅಲ್ಲಿಯ ಜನ ಬೇಡವೆಂದು ಅರ್ಜಿ ಕೊಟ್ಟು ತೆಗೆಸಿದರಂತೆ. ಅದೇ ಅರ್ಜಿಯನ್ನು ಎರಡನೆಯವರು ನಕಲು ಮಾಡಿದರು, ಎರಡನೆಯವರದ್ದನ್ನು ಮೂರನೆಯವರು. ಮೂವತ್ತೊಂದರವರೆಗೆ ಒಂದು ಅಕ್ಷರ ಬದಲಾಗಿಲ್ಲ. ಇಷ್ಟು ಮನೆ, ಇಷ್ಟು ಗೋಡೆ, ನಾಯಿ ಓಡಾಡಲಿಕ್ಕೆ ಬೇರೆ ಮೈದಾನ, ಇದನ್ನೆಲ್ಲ ಗೆರೆ ಹಾಕಿ ಕಟ್ಟಿದವರಲ್ಲಿ ಒಬ್ಬರಾದರೂ ತಾವು ಸಾಯುತ್ತೇವೆ ಎಂದುಕೊಳ್ಳಲಿಲ್ಲವೆ? ಮೊದಲ ಅರ್ಜಿಯ ನಕಲು ಕೊಡು ಎಂದೆ. ಕನ್ನಡಕ ತಂದಿರಲಿಲ್ಲ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ.

ಹೊರಟುನಿಂತಾಗ ಆ ಗುಮಾಸ್ತನೇ ಹೇಳಿದ, ಕಾನೂನು ಮುಟ್ಟದ ನೆಲವೆಂದರೆ ಪೊಳ್ಳು ಒಂದೇ ಎಂದು. ತಮಾಷೆಗೆ ಹೇಳಿದ. ನಾನು ತಮಾಷೆಗೆ ಕೇಳಲಿಲ್ಲ.

ಕೊಟ್ರಮ್ಮನ ಮೊಮ್ಮಗಳು ನೀಲವೇಣಿ ಪೆಟ್ಟಿಗೆಬಂಡಿ ಓಡಿಸುತ್ತಾಳೆ. ಅಜ್ಜಿಯನ್ನು ಮೀಯಿಸಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ದೊಡ್ಡ ಪೆಟ್ಟಿಗೆಯೊಳಗಿಟ್ಟು ಮಾರನೆಯ ದಿನ ಬೆಳಗಿನ ಎಂಟು ಗಂಟೆಗೆ ಹೊರಟೆವು. ನೇರವಾಗಿ ಹೋದರೆ ಅರ್ಧ ತಾಸಿನ ದಾರಿ. ನಮಗೆ ಮೂವತ್ತು ಗೇಟು. ಪ್ರತಿ ಗೇಟಿನಲ್ಲೂ ಯಂತ್ರ ಕೇಳುವುದು ಒಂದೇ ಪ್ರಶ್ನೆ: ಸಾಮಾನು ಹೊಸದೋ, ವಾಪಸು ಹೋಗುವುದೋ? ಮೊದಲ ಗೇಟಿನಲ್ಲಿ ನೀಲವೇಣಿ ತಿರುಗಿ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ವಾಪಸು ಎಂಬುದನ್ನು ಒತ್ತಿದಳು. "ಸುಳ್ಳೇನಲ್ಲ ಬಿಡಜ್ಜಿ" ಎಂದಳು. ಮೂವತ್ತು ಸಲ ಒತ್ತಿದಳು.

ಮಧ್ಯಾಹ್ನ ಎರಡಕ್ಕೆ ಕೊನೆಯ ಗೇಟು ದಾಟಿದೆವು. ಹಾಲಮ್ಮ, ಅಲ್ಲಿ ಕಂಡದ್ದನ್ನು ಹೇಗೆ ಬರೆಯಲಿ? ಪೊಳ್ಳು ಎಂದರೆ ಪಾಳು, ಹಾವು, ಮುಳ್ಳು ಎಂದು ತಿಳಿದಿದ್ದೆ. ಅದು ಇಡೀ ಒಂದು ಊರು. ಅಂಗಡಿ ಸಾಲು ಇದೆ, ಜಗುಲಿಗಳಿವೆ, ಒಂದು ಬೀದಿಯಿಂದ ಇನ್ನೊಂದಕ್ಕೆ ನೇರವಾಗಿ ನಡೆದು ಹೋಗಬಹುದು, ನಡುವೆ ಗೋಡೆಯೇ ಇಲ್ಲ. ಮನೆಗಳ ಬಾಗಿಲು ಒಂದನ್ನೊಂದು ನೋಡುತ್ತ ನಿಂತಿವೆ. ಜನ ಮಾತ್ರ ಇಲ್ಲ. ನಾನು ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಊರು ನೋಡಿದೆ, ಅದೂ ಸತ್ತ ಊರು. ಇಂಥದ್ದನ್ನು ಬಿಟ್ಟು ಹೊರಗೆ ಏನನ್ನು ಹುಡುಕಿಕೊಂಡು ಬಂದಿರಿ? ಇದನ್ನೇ ನೀನು ಗದ್ದಲ ಎಂದೆಯಂತೆ, ಧೂಳು ಎಂದೆಯಂತೆ.

ಹಳೆಯ ಬಟ್ಟೆ ಮಿಲ್ಲೊಂದರ ಹತ್ತಿರ ಹೊಗೆ ಕಂಡಿತು. ಜಿಲಾನಿ ಎಂಬ ಮುದುಕ ಮೇಕೆ ಸಾಕಿಕೊಂಡು ಅಲ್ಲೇ ಇದ್ದಾನೆ. ಅವನ ಹಿರಿಯರು ಆ ಮಿಲ್ಲಿನಲ್ಲಿ ಮಗ್ಗ ನಡೆಸಿದವರಂತೆ, ಮಿಲ್ಲು ಮುಚ್ಚಿದ ಮೇಲೂ ಹೋಗಲಿಲ್ಲವಂತೆ. ಸುತ್ತಲಿನ ಬಯಲೆಲ್ಲ ನಿಮ್ಮವರು ಬೇಡವೆಂದು ಎಸೆದ ಕಟ್ಟಡದ ಚೂರಿನಿಂದ ಆಳೆತ್ತರ ತುಂಬಿದೆ, ಗುದ್ದಲಿ ಇಳಿಯುವುದಿಲ್ಲ. ಇಡೀ ಪೊಳ್ಳಿನಲ್ಲಿ ಮಣ್ಣು ಸಿಗುವ ಜಾಗ ಒಂದೇ ಎಂದು ಜಿಲಾನಿ ನಮ್ಮನ್ನು ನೇಯ್ಗೆಯ ಶೆಡ್ಡಿನೊಳಗೆ ಕರೆದೊಯ್ದ.

"ಇಲ್ಲಿ ನೆಲದ ಕಲ್ಲು ಕಿತ್ತು ಎಷ್ಟೋ ಕಾಲಾತವ್ವ, ಮಣ್ಣೈತಿ. ಆದ್ರೆ ಆ ಕಡಿ ಮಷೀನಿನ ಪಾಯ, ಈ ಕಡಿ ಮಷೀನಿನ ಪಾಯ. ನಡುವ ಇರೋದು ಇಷ್ಟ. ನಿಮ್ಮ ಲೆಕ್ಕಕ್ಕ ಸಾಲ್ತೈತೋ ಇಲ್ಲೋ."

ನಾನು ಕಣ್ಣಳತೆಯಲ್ಲೇ ನೋಡಿದೆ, ಸಾಲುವುದಿಲ್ಲ ಅನಿಸಿತು. ಸೂರ್ಯ ಇಳಿಯುತ್ತಿದ್ದ. ಮಣ್ಣು ಸಿಗದಿದ್ದರೆ ಮತ್ತೆ ಮೂವತ್ತು ಗೇಟು, ಕೊನೆಯಲ್ಲಿ ಹಬೆಮನೆ. ನೀಲವೇಣಿ ಒಂದು ದಾರವನ್ನು ಅಜ್ಜಿಯ ಹಿಮ್ಮಡಿಯಿಂದ ಹೆಬ್ಬೆರಳಿಗೆ ಹಿಡಿದು ಗಂಟು ಹಾಕಿದಳು. ಆ ಪಾಯದ ಅಂಚಿನಿಂದ ಈ ಪಾಯದ ಕಡೆಗೆ ಮಂಡಿಯೂರಿ ಅಳೆಯುತ್ತ ಬಂದಳು. ಆರು, ಏಳು, ಎಂಟು. ಒಂಬತ್ತನೆಯ ಪಾದ ಮುಗಿದಾಗ ದಾರಕ್ಕೂ ಕಾಂಕ್ರೀಟಿಗೂ ನಡುವೆ ನಾಲ್ಕು ಬೆರಳು ಮಿಕ್ಕಿತ್ತು.

ಐವತ್ತು ವರ್ಷ ನಾನು ಯಾವ ಪಾದವನ್ನು ಹಂಗಿಸಿದೆನೋ ಅದೇ ಪಾದ ಅವಳಿಗೆ ನೆಲ ಕೊಡಿಸಿತು. ಜಿಲಾನಿಯೂ ನೀಲವೇಣಿಯೂ ಅಗೆದರು. ಮಣ್ಣಿನೊಳಗೆ ಹತ್ತಿಯ ಎಳೆ ಬರುತ್ತಿತ್ತು, ಕಪ್ಪಾಗಿ, ಕೂದಲಿನ ಹಾಗೆ. ಹೊತ್ತು ಮುಳುಗುವ ಮೊದಲು ಕೊಟ್ರಮ್ಮನನ್ನು ಕೂರಿಸಿದೆವು. ಮುಖ ಮುಚ್ಚುವ ಮುಂಚೆ ನಾನು ಬಗ್ಗಿ, ನೀನೇ ಗೆದ್ದೆ ಕಣೆ ಎಂದೆ. ಜಿಲಾನಿ ನಮ್ಮಿಬ್ಬರಿಗೂ ತನ್ನ ಕೈಯಿಂದ ಹುರಿದ ಮಂಡಕ್ಕಿ ಕೊಟ್ಟ. ಬಿಸಿಯಿತ್ತು. ಬಿಸಿ ಮಂಡಕ್ಕಿ ಎಂಬುದಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಅಲ್ಲೇ ಕೂತು ಸೊಂಟದ ಕಾಗದ ತೆಗೆದು ನೀಲವೇಣಿಗೆ ಓದೆಂದೆ. ನಮ್ಮ ಬಡಾವಣೆಯ ನಕ್ಷೆಯಲ್ಲಿ ತೋರಿಸಿರುವ ರುದ್ರಭೂಮಿಯಿಂದ ಕಿಟಕಿ ತೆರೆಯಲು ಮನಸ್ಸಾಗುವುದಿಲ್ಲ, ಮಕ್ಕಳು ಹೆದರುತ್ತಾರೆ, ಬೀಗರು ಬರುವುದಿಲ್ಲ, ದಯವಿಟ್ಟು ಅದನ್ನು ಬೇರೆ ಕಡೆ ತೋರಿಸಬೇಕು. ಹೊನ್ನೇರು ಬಡಾವಣೆಯ ನಿವಾಸಿಗಳು. ಓದುತ್ತಿದ್ದ ಹುಡುಗಿ ಒಮ್ಮೆಲೇ ನಿಲ್ಲಿಸಿ ನನ್ನ ಮುಖ ನೋಡಿದಳು. ಮೊದಲ ಸಹಿ ಯಾರದ್ದೆಂದು ಕೇಳಿದೆ.

"ನಿಂದ ಐತಜ್ಜಿ" ಎಂದಳು.

ಹಾಲಮ್ಮ. ದುಂಡಗಿನ ಅಕ್ಷರ, ಎರಡು ಮ, ಒಂದು ಚೂರೂ ನಡುಗದ ಕೈ. ಕಿತ್ತುಕೊಂಡು ದೂರ ಹಿಡಿದು ನಾನೇ ನೋಡಿದೆ. ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ಮೂವತ್ತು ಸುತ್ತಿನವರು ನಕಲು ಮಾಡಿದ್ದು ನಮ್ಮ ಮನೆಯ ಹೆಂಗಸಿನ ಮಾತನ್ನು! ಬೈಯಲು ಹೊರಟವಳಿಗೆ ಫೋಟೋದ ಹೊಸ ಸೀರೆ ಕಣ್ಣಿಗೆ ಕಟ್ಟಿತು. ನಿನಗೆ ಕಿಟಕಿಯಿಂದ ಮೆಕ್ಕೆಜೋಳ ಕಾಣಬೇಕಿತ್ತು, ಅಷ್ಟೇ. ಬೇರೆ ಕಡೆ ತೋರಿಸಿ ಎಂದು ಬರೆದೆ. ಬೇರೆ ಕಡೆ ಎಂಬುದು ಇದ್ದೇ ಇರುತ್ತದೆ ಎಂದುಕೊಂಡೆ. ನಾನೂ ಮೂವತ್ತೊಂದನೆಯ ಸುತ್ತಿಗೆ ಮನೆ ಬದಲಿಸುವಾಗ ಹಾಗೇ ಅಂದುಕೊಂಡಿದ್ದೆ.

ಎದ್ದು ಬರುವ ಮುನ್ನ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ಕೊಟ್ರಮ್ಮನ ಪಕ್ಕದ ಸಾಲಿನಲ್ಲೂ ಅಂಥದ್ದೇ ಒಂದು ಮಣ್ಣಿನ ಪಟ್ಟಿಯಿತ್ತು. ಚಪ್ಪಲಿ ಬಿಟ್ಟು, ಪಾದಕ್ಕೆ ಪಾದ ತಾಗಿಸಿ ನಡೆದೆ. ಏಳನೆಯ ಹೆಜ್ಜೆಗೆ ನನ್ನ ಬೆರಳು ಕಾಂಕ್ರೀಟಿಗೆ ಬಡಿಯಿತು.

ಆ ಅರ್ಜಿಯ ತಾರೀಖು ನಿನಗೆ ಇನ್ನೂ ಬಂದಿಲ್ಲ, ಈ ಕಾಗದ ಮೂರು ವಾರ ಮುಂಚೆ ತಲುಪುವಂತೆ ಹಾಕಿದ್ದೇನೆ. ಒಂದು ಸಂಜೆ ಯಾರೋ ಹಾಳೆ ಹಿಡಿದುಕೊಂಡು ನಿನ್ನ ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮೊದಲ ಸಹಿ ನೀವೇ ಹಾಕಿ ಎಂದು ಉಬ್ಬಿಸುತ್ತಾರೆ. ಕಾಫಿ ಕೊಡು. ಸಹಿ ಹಾಕಬೇಡ. ಕಿಟಕಿಗೆ ಬೇಕಾದರೆ ಪರದೆ ಹಾಕಿಕೋ.

ಈ ಹಾಳೆಯನ್ನು ತಿರುಗಿಸಿ ನೋಡು. ಅದರ ಮೇಲೆ ಕಾಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಿದ್ದೇನೆ, ಹೆಬ್ಬೆರಳು ಹಾಳೆಯಾಚೆ ಹೋಗಿದೆ, ಅದನ್ನೂ ಲೆಕ್ಕಕ್ಕೆ ಹಿಡಿ. ಅದು ನನ್ನ ಪಾದ. ನಿಮ್ಮ ನಕ್ಷೆಯಲ್ಲಿ ರುದ್ರಭೂಮಿಯಿರುವ ಆ ಮೂಲೆಯಲ್ಲಿ ಒಂಬತ್ತು ಸಲ ಅಳೆದು ಬಿಟ್ಟಿರು.

ನಿನ್ನ ಹೆಸರಿನವಳು,
ಹಾಲಮ್ಮ