ಕ್ಲೋಡಾಳಿಗೆ ಸಿಗದ ಎಲೆ

ಪ್ರೀತಿಯ ಕ್ಲೋಡಾ,

ನಿನ್ನ ಆಮಂತ್ರಣ ಮಂಗಳವಾರ ಕೈಸೇರಿತು. ಲಕೋಟೆಯೊಳಗೆ ಹಸಿರು ರಟ್ಟಿನ ಎಲೆಯೊಂದನ್ನೂ ಇಟ್ಟಿದ್ದೀಯ. ನಮ್ಮ ಧರ್ಮಪ್ರಾಂತ್ಯದ ಅರವತ್ತೆರಡು ಶಾಲೆಗಳಲ್ಲೂ ಸದ್ಗುಣದ ಮರ ನಿಲ್ಲಿಸುವ ಕೆಲಸವನ್ನು ಬಿಷಪ್ಪರು ನಿನಗೆ ಒಪ್ಪಿಸಿದ್ದಾರಂತೆ. ಮೊದಲ ಮರಕ್ಕೆ ಮೊದಲ ಎಲೆಯನ್ನು ನಾನೇ ಕಟ್ಟಬೇಕು, ನಾನು ಎಂದಾದರೂ ಕಣ್ಣಾರೆ ಕಂಡ ಒಂದು ಒಳ್ಳೆಯ ಕೆಲಸವನ್ನು ಅದರ ಮೇಲೆ ಬರೆದು ತರಬೇಕು ಎಂದು ಕೇಳಿದ್ದೀಯ. ಅಚ್ಚಿನ ಅಕ್ಷರದ ಕೆಳಗೆ ನಿನ್ನ ಕೈಬರಹದ ಸಾಲು ಬೇರೆ: "ಹೊಟ್ಟೆಕಿಚ್ಚಿನ, ಸುಳ್ಳುಬುರುಕ ಹುಡುಗಿಯಾಗಿದ್ದ ನನ್ನನ್ನು ಮನುಷ್ಯಳನ್ನಾಗಿ ಮಾಡಿದ್ದು ನಿಮ್ಮ ಮರ, ಮಿಸ್."

ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಎಪ್ಪತ್ತೊಂಬತ್ತು ವರ್ಷದ ಮುದುಕಿಗೆ ಹೊಗಳಿಕೆ ಬಂದರೆ ಖುಷಿಯಾಗಬೇಕಿತ್ತು. ನನಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮೂವತ್ತು ವರ್ಷದಿಂದ ಬರೆಯದೆ ಉಳಿಸಿಕೊಂಡಿದ್ದ ಪತ್ರವಿದು, ಈಗ ಬರೆಯದಿದ್ದರೆ ಆಗುವುದಿಲ್ಲ.

ಆ ಮರವನ್ನು ಶಾಲೆಯ ಪಡಸಾಲೆಯ ಗೋಡೆಗೆ ಅಂಟಿಸಿದ್ದು ಮುಖ್ಯೋಪಾಧ್ಯಾಯಿನಿಯಾಗಿದ್ದ ನಾನೇ. ಕಂದು ಕಾಗದದ ಕಾಂಡ, ತಿಂಗಳಿಗೊಂದು ಗುಣದ ಹೆಸರಿನ ಕೊಂಬೆ. ಸೆಪ್ಟೆಂಬರಿಗೆ ದಯೆ, ಅಕ್ಟೋಬರಿಗೆ ತಾಳ್ಮೆ. ಒಳ್ಳೆಯ ಕೆಲಸ ಮಾಡುತ್ತಿರುವಾಗ ಶಿಕ್ಷಕರ ಕಣ್ಣಿಗೆ ಬಿದ್ದ ಮಗುವಿಗೆ ಒಂದು ಎಲೆ. ಅತಿ ಹೆಚ್ಚು ಎಲೆ ಗಳಿಸಿದ ಹುಡುಗಿಗೆ ಮೇ ತಿಂಗಳಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಪ್ರತಿಮೆಗೆ ಹೂವಿನ ಕಿರೀಟ ಇಡುವ ಭಾಗ್ಯ. ಅದಕ್ಕೆ ಮುಂಚೆ ಕಿರೀಟ ಇಡುವವಳನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಚೀಟಿಯಲ್ಲಿ ಗುಣಕ್ಕೆಲ್ಲಿ ಬೆಲೆ ಎಂದು ಅದನ್ನು ನಿಲ್ಲಿಸಿದವಳು ನಾನು. ಬುದ್ಧಿವಂತೆ ಅಂದುಕೊಂಡಿದ್ದೆ ನನ್ನನ್ನು.

ನಿನಗಂತೂ ಎಲೆ ಸಿಗುತ್ತಿರಲಿಲ್ಲ. ಫೆಬ್ರವರಿ ಮುಗಿದರೂ ನಿನ್ನ ಹೆಸರಿನಲ್ಲಿ ಎರಡೇ. ಕೋಟು ತೂಗುಹಾಕುವ ಕೋಣೆಯಲ್ಲಿ, ಒದ್ದೆ ಕೋಟುಗಳ ಹಿಂದೆ ಮಂಡಿಯೂರಿ, ನೀನು ಶಿಶುವರ್ಗದ ಮಕ್ಕಳ ಬೂಟಿನ ದಾರ ಕಟ್ಟುತ್ತಿದ್ದೆ. ಅಲ್ಲಿಗೆ ಯಾವ ಶಿಕ್ಷಕಿ ಬರುತ್ತಾಳೆ? ಒಂದು ದಿನ ನಾನು ಛತ್ರಿ ಮರೆತು ವಾಪಸ್ ಬಂದಾಗ ಕಂಡೆ. "ಇದಕ್ಕೊಂದು ಎಲೆ ಬೇಡ್ವೇನೇ?" ಎಂದಿದ್ದಕ್ಕೆ ನೀನು ತಲೆ ಎತ್ತದೆ ಹೇಳಿದ್ದೆ: "ದಾರ ಬಿಚ್ಚಿದ್ರೆ ಬೀಳ್ತಾರೆ ಮಿಸ್, ಅದಕ್ಕೆ ಕಟ್ತಿದೀನಿ." ನಾನು ನಕ್ಕು ಹೊರಟುಹೋದೆ. ನಮ್ಮ ಶಾಲೆಗೆ ಬೇಕಾಗಿದ್ದ ಗುಣ ಆ ಕೋಟುಗಳ ಹಿಂದೆ ಇತ್ತು, ನಾನು ಗೋಡೆಯ ಮೇಲೆ ಹುಡುಕುತ್ತಿದ್ದೆ.

ಮಾರ್ಚ್ ತಿಂಗಳ ಕೊಂಬೆ ಸತ್ಯದ್ದು. ಅದೇ ತಿಂಗಳು ಐದು ವರ್ಷದ ಟೆಸ್ಸಿ ಆಟದ ಅಂಗಳದ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಳು. ಪ್ಲಾಸ್ಟರ್ ಕಟ್ಟಿಸಿಕೊಂಡು ಬಂದ ಅವಳನ್ನು ನೀನು ಕೈಹಿಡಿದು ನನ್ನ ಕೋಣೆಗೆ ಕರೆತಂದೆ, ಒಳಗೆ ಬಿಟ್ಟು ಬಾಗಿಲಾಚೆ ನಿಂತೆ. ಅವಳು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಅವತ್ತು ತಳ್ಳೋದು ದೊಡ್ಡ ಕ್ಲಾಸ್ ಸೆಲೀನಾ ಸರದಿ ಮಿಸ್. ಮಾರನೇ ದಿನ ಅವ್ಳು ಎತ್ತೋಳು, ಅವ್ಳ ಫ್ರೆಂಡ್ ತಳ್ಳೋಳು. ಎತ್ತಿದೋರಿಗೆ ಎಲೆ. ಬಿದ್ರೆ ನಂಗೆ ಒಂದು ಟಾಫಿ." ಸ್ವಲ್ಪ ಯೋಚಿಸಿ, "ಅತ್ರೆ ಎರಡು" ಎಂದಳು.

ಕ್ಲೋಡಾ, ನಾನು ಆಗಲೇ ಪಡಸಾಲೆಗೆ ಹೋಗಿ ಆ ಮರವನ್ನು ಹರಿದುಹಾಕಬೇಕಿತ್ತು. ಎರಡು ದಿನದಲ್ಲಿ ಧರ್ಮಪ್ರಾಂತ್ಯದ ಇನ್ಸ್‌ಪೆಕ್ಟರ್ ಬರುವವರಿದ್ದರು. ಶಾಲೆಯ ಮಾನ ಹೋಗುತ್ತದೆ, ಮಕ್ಕಳು ಕಡಿಮೆಯಾಗುತ್ತಾರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಬರೀ ನೆಪ. ಮರ ನನ್ನದಾಗಿತ್ತು, ಅದನ್ನು ನೋಡಲು ಬೇರೆ ಊರುಗಳಿಂದ ಜನ ಬರುತ್ತಿದ್ದರು, ಅಷ್ಟೇ. ಟೆಸ್ಸಿಗೆ ಒಂದು ಬಿಸ್ಕತ್ತು ಕೊಟ್ಟು ಕಳಿಸಿದೆ.

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯರು, ಮಕ್ಕಳೆದುರು ನೆಲದ ಮೇಲೆಯೇ ಕೂತರು. "ಈ ಮರದಿಂದ ನಿಮ್ಗೆಲ್ಲ ಏನು ಒಳ್ಳೇದಾಯ್ತು ಮಕ್ಳೇ?" ಎಂದು ಕೇಳಿದರು. ಕಲಿಸಿಕೊಟ್ಟ ಉತ್ತರ ಹೇಳಲು ಹತ್ತು ಕೈಗಳು ಮೇಲೆದ್ದಿದ್ದವು. ಅವರು ಕೈ ಎತ್ತದ ನಿನ್ನನ್ನು ಕೇಳಿದರು. ನೀನು ಎದ್ದು ನಿಂತು, ಕೊಂಬೆಯ ಮೇಲಿನ ಪದವನ್ನು ಒಮ್ಮೆ ನೋಡಿ ಹೇಳಿದೆ: "ಒಳ್ಳೇದಾಗಿಲ್ಲ ಸರ್. ಎಲೆ ಸಿಗ್ಲಿ ಅಂತ ಚಿಕ್ಕೋರನ್ನ ತಳ್ತಾರೆ. ಟೆಸ್ಸಿ ಕೈ ಮುರಿದಿದ್ದು ಹಾಗೇನೆ. ಮಿಸ್‌ಗೂ ಗೊತ್ತು."

ನನ್ನ ನಾಲಿಗೆ ತಡವರಿಸಲಿಲ್ಲ. ಅದೇ ನನಗೆ ಈಗಲೂ ಭಯ ಹುಟ್ಟಿಸುವ ಸಂಗತಿ. "ಟೆಸ್ಸಿ ತಾನೇ ಜಾರಿಬಿದ್ದಿದ್ದು ಅಂತ ನಂಗೆ ಹೇಳಿದಾಳೆ," ಎಂದೆ. ಆಮೇಲೆ ಅವರ ಕಿವಿಯ ಬಳಿ, ನಿನಗೆ ಕೇಳಿಸುವಷ್ಟು ಜೋರಾಗಿಯೇ, "ಎಲೆ ಸಿಗದ ಮಗು ಸರ್. ಸ್ವಲ್ಪ ಹೊಟ್ಟೆಕಿಚ್ಚು" ಎಂದೆ. ನೀನು ನನ್ನನ್ನೇ ನೋಡುತ್ತಿದ್ದೆ. ಮಿಸ್ ಮರೆತಿರಬೇಕು, ಈಗ ನೆನಪಾಗುತ್ತದೆ ಎಂದು ಕಾಯುತ್ತಿದ್ದ ನೋಟ ಅದು. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಹತ್ತು ವರ್ಷದ ಮಗು ಹೇಗೆ ತಾನೇ ನಂಬೀತು?

ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ನಿನ್ನನ್ನು ಅದೇ ಮರದ ಕೆಳಗೆ ನಿಲ್ಲಿಸಿ ಇಡೀ ಶಾಲೆಯ ಮುಂದೆ ಕ್ಷಮೆ ಕೇಳಿಸಿದೆ. "ನಾನು ಸುಳ್ಳು ಹೇಳ್ದೆ, ನನ್ನನ್ನ ಕ್ಷಮಿಸಿ," ಎಂದೆ ನೀನು. ಸತ್ಯದ ತಿಂಗಳಲ್ಲಿ ನಾನು ಒಂದು ಮಗುವಿಗೆ ಕಲಿಸಿದ ಮೊದಲ ಸುಳ್ಳು ಅದು. ಹಾಗೆ ಕ್ಷಮೆ ಕೇಳಿದ್ದಕ್ಕೆಂದು ನಿನಗೊಂದು ಎಲೆಯನ್ನೂ ಕೊಟ್ಟೆ.

ಅದರಾಚೆ ನಡೆದದ್ದೇ ನನ್ನ ನಿದ್ದೆ ಕೆಡಿಸಿದ್ದು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಪಾಪನಿವೇದನೆಗೆ ಇಡೀ ಶಾಲೆ ಚರ್ಚಿನಲ್ಲಿ ಸಾಲುಗಟ್ಟಿತ್ತು. ನೀನು ಒಳಗೆ ಹೋಗಿ, ತುಂಬ ಹೊತ್ತಾದ ಮೇಲೆ, ಅತ್ತ ಮುಖದಲ್ಲಿ ಹೊರಬಂದೆ. ಏನು ಹೇಳಿಕೊಂಡೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಆದರೆ ಊಹಿಸಲು ಜಾಣತನವೇನೂ ಬೇಕಿರಲಿಲ್ಲ. ನಿನ್ನ ಹಿಂದೆಯೇ ನಾನು ಹೋದೆ. ಫಾದರ್ ಮುಂದೆ ಮಂಡಿಯೂರಿ, "ಒಂದು ಮಗುವಿನ ಮೇಲೆ ತಾಳ್ಮೆ ಕಳ್ಕೊಂಡೆ," ಎಂದೆ. ಮೂರು 'ನಮೋ ಮರಿಯಾ' ಜಪ ಹೇಳು ಅಂದರು. ಹೇಳಿ ಎದ್ದುಬಂದೆ. ಮಾಡದ ಪಾಪವನ್ನು ನೀನು ಒಪ್ಪಿಕೊಂಡೆ, ಮಾಡಿದ ಪಾಪವನ್ನು ನಾನು ಒಪ್ಪಿಕೊಳ್ಳಲಿಲ್ಲ. ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಪ್ರಾಯಶ್ಚಿತ್ತದ ಜಪ ಮುಗಿಸಿದೆವು.

ಆಮೇಲೆ ನೀನು ಎಲೆ ಗಳಿಸತೊಡಗಿದೆ. ಬೇರೆಯವರಿಗಾಗಿ ಬಾಗಿಲು ತೆರೆದು ಹಿಡಿಯುವ ಮುಂಚೆ ನಾನು ನೋಡುತ್ತಿದ್ದೇನೆಯೇ ಎಂದು ನೋಡುವುದನ್ನು ಕಲಿತೆ. ಕೋಟಿನ ಕೋಣೆಗೆ ಹೋಗುವುದನ್ನು ಬಿಟ್ಟೆ. ಮೇ ತಿಂಗಳಿಗೆ ನಲವತ್ತೇಳು ಎಲೆ. ಏಣಿ ಹತ್ತಿ ಮರಿಯಮ್ಮನವರಿಗೆ ಕಿರೀಟ ಇಟ್ಟೆ, ನಿನ್ನಮ್ಮ ಆನಂದದಿಂದ ಅತ್ತರು, ನಾನು ಚಪ್ಪಾಳೆ ತಟ್ಟಿದೆ. ಇನ್ಸ್‌ಪೆಕ್ಟರಿಂದ ನಮಗೆ 'ಅತ್ಯುತ್ತಮ' ಎಂಬ ವರದಿಯೂ ಬಂತು.

ಟೆಸ್ಸಿ ಈಗ ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮಣಿಕಟ್ಟು ಇನ್ನೂ ಸೊಟ್ಟಗಿದೆ. ಶುಕ್ರವಾರ ಈರುಳ್ಳಿ-ಚೀಸ್ ಪೈ ತರಲು ಹೋದಾಗ ನಿನ್ನ ಹೊಸ ಕೆಲಸದ ಸುದ್ದಿ ಹೇಳಿದೆ. "ಅಯ್ಯೋ ಕ್ಲೋಡಾನಾ!" ಎಂದಳು ಪೈ ಸುತ್ತುತ್ತಾ. "ಪಾಪ, ಅವತ್ತು ನಿಜ ಹೇಳಿ ಬೈಸ್ಕೊಂಡ್ಲು. ನಾನು ಆ ಸರ್ ಮುಂದೆ ಬಾಯಿ ಬಿಟ್ರೆ ಟಾಫಿ ಸಿಗಲ್ವಲ್ಲಾಂತ ಸುಮ್ನಿದ್ದೆ. ನಿಮ್ಗೆ ಯಾರು ಟಾಫಿ ಕೊಟ್ಟಿದ್ರು ಮಿಸ್?" ಅವಳು ತಮಾಷೆಗೇ ಕೇಳಿದ್ದು. ನಾನು ಚಿಲ್ಲರೆ ತೆಗೆದುಕೊಳ್ಳದೆ ಬಂದುಬಿಟ್ಟೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನೀನು ಗಿಡವಾಗಿದ್ದಾಗ ನಾನೇ ಬಗ್ಗಿಸಿದೆ, ಮರವಾದ ಮೇಲೆ ಈಗ ನೆಟ್ಟಗಾಗು ಎನ್ನುತ್ತಿದ್ದೇನೆ. ಆಗುತ್ತದೆ ಎಂಬ ನಂಬಿಕೆ ನನಗಿಲ್ಲ. ಈ ಪತ್ರ ಓದಿ, ಪಾಪ ಮಿಸ್‌ಗೆ ಅರಳುಮರಳು ಎಂದುಕೊಳ್ಳುತ್ತೀಯ. ಅರವತ್ತೆರಡು ಗೋಡೆಗಳ ಮೇಲೆ ಮರ ಏಳುತ್ತದೆ. ಪ್ರತಿ ಶಾಲೆಯಲ್ಲೂ ಒಬ್ಬಳು ಟೆಸ್ಸಿ ಟಾಫಿಗಾಗಿ ಬೀಳುತ್ತಾಳೆ, ಒಬ್ಬಳು ಕ್ಲೋಡಾ ಎದ್ದು ನಿಲ್ಲುತ್ತಾಳೆ. ಅವಳು ಎದ್ದು ನಿಂತಾಗ ಎದುರಿಗೆ ಇರುವವಳು ನೀನು. ಆಗ ನೀನು ಏನು ಮಾಡುತ್ತೀಯ ಎಂಬುದನ್ನು ನಾನು ಊಹಿಸಬಲ್ಲೆ, ಏಕೆಂದರೆ ನಿನಗೆ ಪಾಠ ಹೇಳಿದವಳು ನಾನು.

ನಾನು ಸಮಾರಂಭಕ್ಕೆ ಬರುವುದಿಲ್ಲ. ಆದರೆ ಎಲೆಯನ್ನು ನೀನು ಕೇಳಿದಂತೆಯೇ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ನೀನು ಕಟ್ಟುವುದಿಲ್ಲ ಎಂದು ನನಗೆ ಗೊತ್ತು. ಹರಿದುಹಾಕುವ ಮುಂಚೆ ಒಂದೇ ಒಂದು ಸಲ ಓದು ಮಗಳೇ, ಅಷ್ಟೇ ನನ್ನ ಬೇಡಿಕೆ. ಅಂದು ಇನ್ಸ್‌ಪೆಕ್ಟರ್ ಎದುರು ಎದ್ದು ನಿಂತ ಆ ಹುಡುಗಿಯನ್ನು ದೇವರು ಎಲ್ಲಿಯಾದರೂ ಜೋಪಾನವಾಗಿ ಇಟ್ಟಿರಲಿ, ನಿನಗೆ ಅವಳು ಮರಳಿ ಸಿಗಲಿ.

ನಿನ್ನ ಕ್ಷಮೆಯನ್ನು ಕೇಳುವ ಧೈರ್ಯವೂ ಇಲ್ಲದ ನಿನ್ನ ಮಿಸ್,
ಆಗ್ನೆಸ್ ಕಾಟಮ್

(ಎಲೆಯ ಮೇಲೆ)
ಮಾರ್ಚ್, ಸತ್ಯದ ಕೊಂಬೆ. ಕ್ಲೋಡಾ ನಿಜ ಹೇಳಿದಳು. ನಾನು ಕಣ್ಣಾರೆ ಕಂಡೆ.