ಶೋಪಾನನ ಬೆಂಚಿನಿಂದ ಅಕ್ಕನಿಗೆ

ವಾರ್ಸಾ, ಡಿಸೆಂಬರ್

ಅಕ್ಕಾ,

ಇಲ್ಲಿ ರಸ್ತೆ ಬದಿಯ ಕರಿಗಲ್ಲಿನ ಬೆಂಚು ಪಿಯಾನೊ ನುಡಿಸುತ್ತದೆ. ಗುಂಡಿ ಒತ್ತಿದರೆ ಶೋಪಾನ್ ತಾನು ಕಟ್ಟಿದ ರಾಗ ಶುರುಮಾಡಿ, ಮುಂದೇನೋ ಹೇಳಲಿದ್ದಾನೆ ಎನ್ನುವಷ್ಟರಲ್ಲಿ ನಿಂತುಬಿಡುತ್ತಾನೆ. ಮತ್ತೆ ಒತ್ತಿದರೆ ಮೊದಲಿನಿಂದಲೇ. ಹೋಟೆಲಿನ ಪಾತ್ರೆ ತೊಳೆದು ಮುಗಿಸಿ ದಿನವೂ ಇಲ್ಲಿ ಕೂರುತ್ತೇನೆ.

ಪಕ್ಕದಲ್ಲಿ ಹೂ ಮಾರುವ ಅಜ್ಜಿ ಇಂದು ತಡೆಯಲಾರದೆ ಕೇಳಿದಳು: "ಏನೇ ಹುಡುಗಿ, ಸತ್ತ ಮೇಲಾದ್ರೂ ಅವನಿಗೆ ಒಂದು ಗಳಿಗೆ ಬಿಡುವು ಕೊಡೇ. ನಿಂಗೆ ಮಾತಾಡೋಕೆ ಬೇರೆ ಯಾರೂ ಇಲ್ವಾ?"

"ಇಲ್ಲ ಅಜ್ಜಿ," ಅಂದೆ.

"ಹಂಗಾದ್ರೆ ಆ ಚರ್ಚಿಗೆ ಹೋಗು, ಕಂಬದೊಳಗೆ ಅವನ ಹೃದಯ ಇದೆ. ಇಪ್ಪತ್ತಕ್ಕೆ ಊರು ಬಿಟ್ಟೋನು ತಿರುಗಿ ಬರಲೇ ಇಲ್ಲ, ಪ್ಯಾರಿಸ್ಸಲ್ಲೇ ಸತ್ತ. ಅವನಕ್ಕ ಹೃದಯಾನ ಬಟ್ಟೆಯೊಳಗೆ ಬಚ್ಚಿಟ್ಟು ತಂದಳು."

ಹೋಗಿ ನೋಡಿದೆ. ಭಕ್ತಿ ಬರಲಿಲ್ಲ, ಭಯವಾಯಿತು.

ಕೆಮ್ಮು ಕಡಿಮೆಯಾಗಿದೆ. ಬೂಟಿನೊಳಗೆ ಮಾತ್ರ ಹಿಮ ಇಳಿಯುತ್ತದೆ.

ಶಾಲೆ ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ, ಆದ್ದರಿಂದ ಅಪ್ಪನ ಹತ್ತಿರ ಸುಳ್ಳು ಸುಳ್ಳೇ ತಪ್ಪಾಯಿತು ಅನ್ನಲಾರೆ. ಮಗಳಾಗಿ ಹೊಸಿಲು ತುಳಿಯಬೇಡ ಅಂದಿದ್ದಾರೆ, ಮರೆತಿಲ್ಲ. ಆದರೆ ಕ್ರಿಸ್‌ಮಸ್‌ನ ಹಿಂದಿನ ಸಂಜೆಯ ಊಟಕ್ಕೆ, ಕರೆಯದೆ ಬರುವ ದಾರಿಹೋಕರಿಗೆಂದು ನಮ್ಮ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೀರಲ್ಲ, ಈ ಸಲ ಅದನ್ನು ನಿನ್ನ ಪಕ್ಕದಲ್ಲಿಡು. ಮೊದಲ ನಕ್ಷತ್ರ ಕಂಡು ನೀವು ಊಟಕ್ಕೆ ಕೂರುವಾಗ ಬಾಗಿಲು ತಟ್ಟುತ್ತೇನೆ. ಯಾರೆಂದು ಅಪ್ಪ ಕೇಳಿದರೆ, ದಾರಿಹೋಕಳು ಎಂದು ಹೇಳು. ಆ ಸಂಜೆ ಅವರು ಯಾರನ್ನೂ ಹಿಂದಕ್ಕೆ ಕಳಿಸಿದವರಲ್ಲ.

ಕಾರ್ಡು ತುಂಬಿತು.

ಕಿಂಗಾ