ಮನೆ ನಂಬರು ಸರಿಪಡಿಸಿಕೊಟ್ಟಿದ್ದಕ್ಕೆ

ಪಾಸ್‌ಪೋರ್ಟ್ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿದ ದೊಡ್ಡ ಟಿ.ವಿ. ಪರದೆಯಿಂದಾಗಿ ನನ್ನ ಮಗಳ ಮನೆಯ ಬಾಗಿಲು ಮುರಿಯಿತು. ಪೀಠಿಕೆ ಹಾಕುವಷ್ಟು ತಾಳ್ಮೆ ನನಗಿಲ್ಲ, ಹಾಗಾಗಿ ದೂರನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಇದನ್ನು ಲಕೋಟೆಯಲ್ಲಿಟ್ಟು ನಿಮ್ಮ ಟೇಬಲ್ಲಿಗೆ ಕಳಿಸದೆ ಪತ್ರಿಕೆಗೆ ಯಾಕೆ ಕೊಟ್ಟೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಈಗ ಎಲ್ಲವೂ ಎಲ್ಲರ ಕಣ್ಣೆದುರೇ ಆಗಬೇಕಲ್ಲ, ಅದಕ್ಕೆ.

ನಾನು ನಿಮಗೆ ಅಪರಿಚಿತಳಲ್ಲ. ರಸ್ತೆಯ ಆಚೆ ಬದಿಯ ಫೋಟೋ ಸ್ಟುಡಿಯೋದವಳು, ನಿಮ್ಮ ಸಿಬ್ಬಂದಿಯ ಬಾಯಲ್ಲಿ ‘ಸ್ಟುಡಿಯೋ ಅಮ್ಮ’. ಮಾವನವರಿಂದ ಬಂದ ಕಸುಬು. ನೀವು ನಿಯಮ ಬದಲಿಸಿದಾಗಲೆಲ್ಲ ಅದರ ಬಿಸಿ ಮೊದಲು ತಟ್ಟುವುದು ನನ್ನ ಸ್ಟೂಲಿನ ಮೇಲೆ ಕೂತವರಿಗೆ. ಹಿನ್ನೆಲೆ ಬಿಳಿ ಇರಲಿ ಎಂದಿರಿ, ಆಮೇಲೆ ತಿಳಿನೀಲಿ ಎಂದಿರಿ, ಮತ್ತೆ ಬಿಳಿಗೇ ಬಂದಿರಿ. ನೀಲಿ ಬಟ್ಟೆ ಈಗ ನಮ್ಮ ಅಡುಗೆಮನೆಯ ಕಿಟಕಿಗೆ ಪರದೆಯಾಗಿದೆ. ಕನ್ನಡಕ ಬೇಡವೆಂದಿರಿ, ಕಿವಿ ಕಾಣಬೇಕೆಂದಿರಿ, ನಗಲೇಬಾರದೆಂದಿರಿ. ಹೊರದೇಶದಲ್ಲಿ ಹುಟ್ಟಿದ ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯೊಬ್ಬರಿಗೆ ‘ನಗಬೇಡಿ’ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತ್ತು. ಆಗಲೂ ನಾನು ನಿಮ್ಮ ಮೇಲೆ ದೂರು ಬರೆಯಲಿಲ್ಲ.

ನಮ್ಮ ಸ್ಟುಡಿಯೋದಲ್ಲೂ ಒಂದು ನಿಯಮವಿದೆ. ಮಾವನವರ ಕಾಲದಿಂದ ಅದು ಒಮ್ಮೆಯೂ ಬದಲಾಗಿಲ್ಲ. ರಸ್ತೆಗೆ ಮುಖ ಮಾಡಿದ ಗಾಜಿನ ಕಪಾಟಿನಲ್ಲಿ ಯಾರ ಫೋಟೋವನ್ನೂ ಅವರನ್ನು ಕೇಳದೆ ಇಡುವುದಿಲ್ಲ. ಎಷ್ಟೇ ಚೆಲುವಾದ ಮುಖವಿರಲಿ, ನನ್ನ ಬೆಳಕು ಎಷ್ಟೇ ಹದವಾಗಿ ಬಿದ್ದಿರಲಿ, ‘ಬೇಡಮ್ಮ’ ಎಂದರೆ ಮುಗಿಯಿತು. ಗಿರಾಕಿ ನಮಗೆ ಕೊಡುವುದು ಮುಖವನ್ನಲ್ಲ, ನಂಬಿಕೆಯನ್ನು ಎನ್ನುತ್ತಿದ್ದರು ಮಾವ.

ನೀವು ಏನು ಮಾಡಿದಿರಿ? ಪಾಸ್‌ಪೋರ್ಟುಗಳಲ್ಲಿ ತಪ್ಪು ಮುದ್ರಣವಾಗಿ ಜನ ಬೈಯತೊಡಗಿದಾಗ, ತಪ್ಪು ಮಾಡುವವರನ್ನು ತಿದ್ದುವ ಬದಲು ಕಾಯುವ ಹಾಲಿಗೆ ಒಂದು ಪರದೆ ತಂದು ಹಾಕಿದಿರಿ. ಅರ್ಜಿದಾರರ ಸರದಿ ಬಂದಾಗ ಅವರ ಫೋಟೋ, ಹುಟ್ಟಿದ ದಿನ, ಫೋನ್ ನಂಬರು, ಮದುವೆಯಾಗಿದೆಯೇ, ಮುರಿದಿದೆಯೇ, ಈಗ ಎಲ್ಲಿದ್ದಾರೆ, ಎಲ್ಲಿಗೆ ಹೋಗುತ್ತಾರೆ, ಎಲ್ಲವೂ ಆಳೆತ್ತರದ ಅಕ್ಷರಗಳಲ್ಲಿ ಮೂಡುತ್ತದೆ. ಅವರು ಓದಿ ‘ಸರಿ’ ಎಂಬ ಬಟನ್ ಒತ್ತಬೇಕು. ಇದಕ್ಕೆ ‘ಪಾರದರ್ಶಕತೆ’ ಎಂದು ಬೋರ್ಡು ಬೇರೆ. ಬೆಂಚಿನ ಮೇಲೆ ಕೂತವರಿಗೆ ಹೊತ್ತು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ?

ನನ್ನ ಮಗಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗಂಡನ ಮನೆಯಿಂದ ಮುಂಗೈ ಮುರಿಸಿಕೊಂಡು ಹೊರಬಂದವಳು. ಆ ಕೈ ಮತ್ತೆ ಪಳಗಿ, ಹೊರದೇಶದ ಒಂದು ಲ್ಯಾಬು ಅವಳ ಕೆಲಸ ನೋಡಿ ಕರೆದಿತ್ತು. ಅಲ್ಲಿಯವರೆಗೆ ಅವನ ಕಣ್ಣಿಗೆ ಬೀಳದಿರಲಿ ಎಂದು ಬೇರೆ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಆ ವಿಳಾಸ ಗೊತ್ತಿದ್ದವರು ನಾನು, ಅವಳ ಲ್ಯಾಬಿನ ಮಾಲೀಕರು, ಮನೆಯೊಡತಿ, ಇಷ್ಟೇ ಜನ. ಈಗಿರುವ ವಾಸದ ಪುರಾವೆ ಕೊಡಲೇಬೇಕೆಂದು ನಿಮ್ಮ ಹೊಸ ನಿಯಮ ಹಟ ಹಿಡಿದದ್ದರಿಂದ ನಿಮ್ಮನ್ನೂ ನಂಬಿದೆವು.

ಅವಳ ಸರದಿ ಬಂದಾಗ ಹಾಲಿನ ಮೂರನೆಯ ಬೆಂಚಿನಲ್ಲಿ ಅವಳ ಭಾವ ಕೂತಿದ್ದ, ಆ ಗಂಡನ ಒಡಹುಟ್ಟಿದ ಅಣ್ಣ. ಅವನೂ ಪಾಸ್‌ಪೋರ್ಟಿಗೇ ಬಂದಿದ್ದ. ನನ್ನ ಮಗಳು ಅವನನ್ನು ಕಂಡದ್ದು ಪರದೆ ಹೊತ್ತಿಕೊಂಡ ಮೇಲೆ.

“ಸರ್, ದಯವಿಟ್ಟು ಅದನ್ನ ಆರಿಸಿ,” ಎಂದಳು ಕೌಂಟರಿನಲ್ಲಿ.

“ಹಾಗೆಲ್ಲ ಆರಿಸೋಕೆ ಬರಲ್ಲಮ್ಮ. ನೀವು ಸರಿ ಅಂತ ಒತ್ತಿದ್ರೇನೇ ಅದು ಹೋಗೋದು,” ಎಂದರು ಗುಮಾಸ್ತರು. ಅವಳು ಓದದೆಯೇ ಒತ್ತಲು ಹೋದಳು. ಅವರು ಕೈ ಅಡ್ಡ ಹಿಡಿದರು. “ಏನಮ್ಮ ಅವಸರ? ನೋಡಿ, ನಿಮ್ಮ ಪುರಾವೇಲಿ ಮನೆ ನಂಬರು ಬೇರೆ ಇದೆ, ಇಲ್ಲಿ ಪಕ್ಕದ ಮನೇದು ಬಂದ್ಬಿಟ್ಟಿದೆ. ತಪ್ಪು ಉಳೀಬಾರದು.”

ಉಳಿಯಲಿಲ್ಲ. ಅಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಅವರು ಹಳೆಯ ಅಂಕಿ ಅಳಿಸಿ ಸರಿಯಾದ ಅಂಕಿ ಹಾಕಿದರು. ಭಾವ ಫೋನ್ ಎತ್ತಿ ಹಿಡಿದು ಫೋಟೋ ತೆಗೆದುಕೊಂಡ. ನಿಮ್ಮ ಕಚೇರಿಯ ಇತಿಹಾಸದಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿರಲಾರದು. ಆ ತಪ್ಪು ಹಾಗೆಯೇ ಉಳಿದಿದ್ದರೆ ಅಂದು ಸಂಜೆ ಆ ಫೋಟೋ ಹಿಡಿದು ಬಂದ ಗಂಡ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದ. ಆ ಮನೆಯಲ್ಲಿರುವವರು ನಿವೃತ್ತ ಕುಸ್ತಿಪಟು.

ಅವನು ಸರಿಯಾದ ಬಾಗಿಲಿಗೇ ಬಂದ. ಚಿಲಕ ಕಿತ್ತುಬಂತು. ಗದ್ದಲ ಕೇಳಿ ಆ ಕುಸ್ತಿಯವರೇ ಓಡಿಬಂದದ್ದರಿಂದ ನನ್ನ ಮಗಳ ಇನ್ನೊಂದು ಕೈ ಉಳಿಯಿತು. ಮರುದಿನ ಮನೆಯೊಡತಿ ಕೈ ಮುಗಿದು, ಬೇರೆ ಕಡೆ ನೋಡ್ಕೊಳಮ್ಮ ಎಂದರು. ಪೊಲೀಸರಿಗೆ ದೂರು ಕೊಟ್ಟೆವು, ಅವನು ಜಾಮೀನಿನ ಮೇಲೆ ಹೊರಬಂದ. ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ವಿಳಾಸದಲ್ಲಿ ಅವಳಿಲ್ಲವೆಂದು ನಿಮ್ಮಲ್ಲಿಗೇ ವಾಪಸ್ಸಾಯಿತು. ಈಗ ಹೊಸ ವಿಳಾಸದೊಂದಿಗೆ ಮತ್ತೆ ಅರ್ಜಿ ಹಾಕಬೇಕಂತೆ. ಅಂದರೆ ಮತ್ತೆ ಆ ಹಾಲು, ಆ ಬೆಂಚು, ಆ ಪರದೆ. ಹೋಗದಿದ್ದರೆ ಹೊರದೇಶದ ಕೆಲಸ ಕೈಬಿಡುತ್ತದೆ, ಅವನ ಕೈಗೆಟುಕುವ ಊರಿನಲ್ಲೇ ಅವಳು ಬಾಳಬೇಕಾಗುತ್ತದೆ. ಈಗ ಅವಳು ಎಲ್ಲಿದ್ದಾಳೆಂದು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಪ್ರಕಟಿಸುವ ಅಧಿಕಾರ ನಿಮ್ಮದು.

ನಿಮ್ಮ ಕೋಣೆಗೆ ಬಂದು ಇದನ್ನೆಲ್ಲ ಹೇಳಿಕೊಂಡೆ. ಕಡತದಿಂದ ತಲೆ ಎತ್ತದೆ ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ನಿಯಮ ಎಲ್ರಿಗೂ ಒಂದೇ ಅಮ್ಮ. ತಪ್ಪು ಮಾಡದವರಿಗೆ ಮುಚ್ಚಿಡೋಕೆ ಏನಿರತ್ತೆ?”

ಸ್ವಾಮಿ, ಹೋದ ತಿಂಗಳು ನೀವೇ ನನ್ನ ಸ್ಟೂಲಿನ ಮೇಲೆ ಕೂತಿದ್ದಿರಿ, ನೆನಪಿದೆಯೇ? ಸಂಸಾರದೊಂದಿಗೆ ಹೊರದೇಶಕ್ಕೆ ಹೊರಟಿದ್ದಿರಿ. ಫೋಟೋ ಮನೆಗೇ ಕಳಿಸಿಕೊಡಿ ಎಂದಿರಿ. ವಿಳಾಸ ಕೇಳಿದಾಗ, ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ನಿಂತಿದ್ದಾರೆಂದು ದನಿ ತಗ್ಗಿಸಿದಿರಿ. ಆಮೇಲೆ ಅದೂ ಬೇಡವೆನಿಸಿ ಚೀಟಿಯಲ್ಲಿ ಬರೆದು, ಮಡಚಿ, ನನ್ನ ಅಂಗೈಯಲ್ಲಿಟ್ಟಿರಿ. ಏನು ತಪ್ಪು ಮಾಡಿದ್ದಿರಿ? ಕಣ್ಣ ಕೆಳಗಿನ ಕಪ್ಪನ್ನೂ ಸ್ವಲ್ಪ ಅಳಿಸಿಬಿಡಿ ಎಂದಿರಿ. ಫೋಟೋ ತಿದ್ದಬಾರದೆಂಬ ಸುತ್ತೋಲೆಗೆ ನಿಮ್ಮದೇ ಸಹಿ ಇತ್ತು, ಆದರೂ ಅಳಿಸಿಕೊಟ್ಟೆ. ಎರಡು ಪ್ರತಿಯೂ ನನ್ನಲ್ಲಿವೆ, ಕಪ್ಪಿದ್ದದ್ದು ಮತ್ತು ಇಲ್ಲದ್ದು.

ನನ್ನ ಬೇಡಿಕೆ ಒಂದೇ. ಆ ಪರದೆಯನ್ನು ಕಿತ್ತುಹಾಕಿ. ಅರ್ಜಿದಾರರು ತಮ್ಮ ವಿವರವನ್ನು ಕೌಂಟರಿನ ಒಳಗಿನ ಸಣ್ಣ ಪರದೆಯಲ್ಲಿ, ತಾವೊಬ್ಬರೇ ಓದಿಕೊಳ್ಳಲಿ. ನನ್ನ ಮಗಳು ಯಾವ ದಿನ ಬರುತ್ತಾಳೆಂದು ನಿಮಗೆ ತಿಳಿಸುವುದಿಲ್ಲ, ಹಾಗಾಗಿ ಎಲ್ಲ ದಿನವೂ ಅದು ಆರಿರಬೇಕು.

ನನ್ನ ಗಾಜಿನ ಕಪಾಟಿನಲ್ಲಿ ಇಂದು ಬೆಳಿಗ್ಗೆಯಿಂದ ಆಳೆತ್ತರದ ಒಂದು ಚೌಕಟ್ಟು ನಿಂತಿದೆ, ಮುಖ ಗೋಡೆಯ ಕಡೆಗೆ. ಬೀದಿಯವರಿಗೆ ಕಾಣುವುದು ಹಿಂಬದಿಯ ರಟ್ಟು ಮಾತ್ರ. ಮಾವನವರ ನಿಯಮವನ್ನು ನಾನಿನ್ನೂ ಮುರಿದಿಲ್ಲ. ಆದರೆ ನನ್ನ ಮಗಳ ಮುಖ ಇನ್ನೊಮ್ಮೆ ನಿಮ್ಮ ಗೋಡೆಯ ಮೇಲೆ ಮೂಡಿದ ಗಳಿಗೆಯಲ್ಲೇ ಆ ಚೌಕಟ್ಟನ್ನು ಬೀದಿಗೆ ತಿರುಗಿಸುತ್ತೇನೆ. ಕಪ್ಪಿರುವ ಪ್ರತಿಯನ್ನೇ ಹಾಕಿದ್ದೇನೆ. ಕೆಳಗೆ ನಿಮ್ಮ ಹೆಸರು, ಫೋನ್ ನಂಬರು, ವಿಳಾಸ. ನೀವು ಬಂದು, ಎಲ್ಲರ ಮುಂದೆ ನಿಂತು ಓದಿ, ‘ಸರಿ’ ಎನ್ನುವವರೆಗೂ ಅದು ಅಲ್ಲೇ ಇರುತ್ತದೆ. ಅವಸರ ಬೇಡ, ನಿಧಾನವಾಗಿ ಓದಿಕೊಳ್ಳಿ. ಮನೆ ನಂಬರನ್ನು ನಾನು ಎರಡು ಸಲ ನೋಡಿದ್ದೇನೆ, ತಪ್ಪಿಲ್ಲ.

ಇಂತಿ,
ನಗಬೇಡಿ ಎಂದು ನಿಮಗೂ ಹೇಳಿದ್ದ,
ಎದುರುಬದಿಯ ಸ್ಟುಡಿಯೋ ಅಮ್ಮ